ಎರಡೂ ತುದಿ ಕೆಳಗೆ

ಆಗಸ್ಟ್ 3, ಭಾನುವಾರ

ದೊಡ್ಡಮ್ಮನಿಗೆ ನಮಸ್ಕಾರ.

ಹಾಸ್ಟೆಲ್ ಸ್ಕೂಲಿನಲ್ಲಿ ಭಾನುವಾರ ಒಂಬತ್ತರಿಂದ ಹತ್ತು ಪತ್ರದ ಪೀರಿಯಡ್ ಇತ್ತಲ್ಲ, ಇಲ್ಲಿ ಕಾಲೇಜಿನಲ್ಲಿ ಯಾರೂ ಬರೆಸುವುದಿಲ್ಲ. ಆದರೂ ಭಾನುವಾರ ಒಂಬತ್ತಾದರೆ ಕೈ ತಾನೇ ಪೆನ್ನು ಹುಡುಕುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲ, ಇದು ಪೂರ್ತಿ ನಿಜ ಅಲ್ಲ. ನನಗೆ ನಿಮ್ಮಿಂದ ಒಂದು ಕೆಲಸ ಆಗಬೇಕು.

ನಮ್ಮ ಕಾಲೇಜಿನಲ್ಲಿ ಟೆಸ್ಲಾ ಕಾಯಿಲ್ ಮಾಡುವ ಒಂದು ತಂಡ ಇದೆ. ಆಳೆತ್ತರದ ಕಂಬದ ಹಾಗಿರುತ್ತದೆ, ತಲೆಯ ಮೇಲೆ ಅಲ್ಯೂಮಿನಿಯಂ ಬಳೆ, ಆ ಬಳೆಯಿಂದ ಗಾಳಿಗೆ ಮಿಂಚು ಹಾರುತ್ತದೆ. ಅಕ್ಟೋಬರ್ 11ಕ್ಕೆ ಓಪನ್ ಡೇ, ಅವತ್ತು ಎಲ್ಲರ ಮುಂದೆ ನಡೆಸಬೇಕು. ತಂಡದಲ್ಲಿ ಫಸ್ಟ್ ಇಯರ್‌ನವರಿಗೆ ಇರುವುದು ಒಂದೇ ಜಾಗ. ಸೆಲೆಕ್ಷನ್ ದಿನ ಎಲ್ಲರೂ ಕೋಡಿಂಗ್, ಸಿಮ್ಯುಲೇಷನ್ ಅಂತ ಏನೇನೋ ಹೇಳುತ್ತಿದ್ದರು. ನನ್ನ ಸರದಿ ಬಂದಾಗ ಬಾಯಿ ಒಣಗಿ, ಏನೂ ತೋಚದೆ, "ನಮ್ಮ ದೊಡ್ಡಮ್ಮ ಮೋಟರ್ ರಿವೈಂಡಿಂಗ್ ಮಾಡ್ತಾರೆ, ಮೂವತ್ತು ವರ್ಷದಿಂದ" ಅಂದುಬಿಟ್ಟೆ. ತಂಡದ ಲೀಡರ್ ಫೈನಲ್ ಇಯರ್‌ನವರು, ಸಣ್ಣದಕ್ಕೂ ಹಾರಿಹೋಗುತ್ತಾರೆ ಅಂತ ಎಲ್ಲರೂ ಫ್ಯೂಸಣ್ಣ ಅನ್ನುತ್ತಾರೆ. ಅವರು ಬರೆಯುತ್ತಿದ್ದವರು ತಲೆ ಎತ್ತಿ, "ಹಾಗಾದ್ರೆ ಸೆಕೆಂಡರಿ ನಿಂದು" ಅಂದರು. ಅಷ್ಟೇ ಇಂಟರ್‌ವ್ಯೂ.

ಸೆಕೆಂಡರಿ ಅಂದರೆ ಆ ಕಂಬಕ್ಕೆ ಸುತ್ತುವ ಉದ್ದನೆಯ ಕಾಯಿಲ್. ಇಡೀ ಯಂತ್ರದ ಜೀವ ಅದೇ. ಅದು ಕೆಟ್ಟರೆ ನನ್ನ ಜಾಗ ಹೋಯಿತು ಅಂತ ಬಾಯಿಬಿಟ್ಟು ಯಾರೂ ಹೇಳಿಲ್ಲ, ನನಗೇ ಗೊತ್ತು. ಇಲ್ಲಿ ಎಲ್ಲರೂ ಬಹಳ ಬುದ್ಧಿವಂತರು, ದೊಡ್ಡಮ್ಮ. ನಾನು ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಬೇಕಾದರೆ ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಳ್ಳುತ್ತೇನೆ, ಅಷ್ಟರಲ್ಲಿ ಬೆಲ್ ಆಗಿರುತ್ತದೆ.

ಆರುನೂರು ಮೀಟರ್ ತಂತಿ, ಸಾವಿರದ ಇನ್ನೂರು ಸುತ್ತು. ಮೇಲಿನ ತುದಿಯಲ್ಲಿ ಐದಾರು ಲಕ್ಷ ವೋಲ್ಟ್ ಬರುತ್ತದೆ. ನೀವು ಸುತ್ತಿಕೊಡುತ್ತೀರಾ?

ನಿಮ್ಮ ಗುಬ್ಬಿ


ಆಗಸ್ಟ್ 8

ಗುಬ್ಬಿಗೆ ದೊಡ್ಡಮ್ಮನ ಆಶೀರ್ವಾದ.

ಪತ್ರ ಸಿಕ್ಕಿತು. ನಿಮ್ಮಮ್ಮ ಮೊನ್ನೆ ಬಂದಿದ್ದವಳು ಫೋನಿನಲ್ಲೇ ಮಾತಾಡಿಬಿಡು ಅಕ್ಕ ಅಂದಳು. ಆ ಗಾಜಿನ ಫೋನಿಗೆ ನನ್ನ ಬೆರಳು ಗೊತ್ತಾಗುವುದಿಲ್ಲ. ವಾರ್ನಿಷ್ ಕುಡಿದು ಕುಡಿದು ತುದಿ ಕಲ್ಲಾಗಿದೆ, ಎಷ್ಟು ಒತ್ತಿದರೂ ಯಾರೋ ಕಡ್ಡಿಯಿಂದ ಚುಚ್ಚುತ್ತಿದ್ದಾರೆ ಅಂದುಕೊಳ್ಳುತ್ತದೆ. ಅಲ್ಲದೆ ನಮ್ಮ ಅಂಗಡಿಯ ರೂಲು ನಿನಗೆ ಗೊತ್ತು. ಅಳತೆ ಬಾಯಲ್ಲಿ ಹೇಳಿದರೆ ನಾನು ತಂತಿ ಮುಟ್ಟುವುದಿಲ್ಲ. ಕಾಗದದ ಮೇಲೆ ಬರಬೇಕು.

ಸುತ್ತಿಕೊಡುತ್ತೇನೆ. ನೀನು ಕೇಳಬೇಕಾ?

ಪೈಪ್ ಯಾವುದು, ಹೊರಗಿನ ಅಡ್ಡಗಲ ಎಷ್ಟು, ತಂತಿ ಯಾವ ಗೇಜು, ಎಷ್ಟು ಪದರ, ಪದರದ ನಡುವೆ ಪೇಪರ್ ಬೇಕೋ ಬೇಡವೋ, ಎಲ್ಲ ಬರೆ. ಚಿತ್ರ ಬರೆ. ವೋಲ್ಟ್ ಬರೆಯುವಾಗ ಸೊನ್ನೆ ನೋಡಿಕೊಂಡು ಬರೆ. ಲಕ್ಷ ಅಂತ ಓದಿ ನಮ್ಮ ಮೇಸ್ತ್ರಿ, "ನಿನ್ನ ತಂಗಿ ಮಗಳು ಪವರ್‌ಹೌಸ್ ಕೊಂಡ್ಕೊಂಡ್ಲಾ?" ಅಂತ ಅಂಗಡಿಗೆಲ್ಲ ಕೇಳುವ ಹಾಗೆ ನಕ್ಕರು. ನಗಲಿ ಬಿಡು.

ಬಾಯಿ ಒಣಗಿದರೆ ನೀರು ಕುಡಿ. ಪ್ರಶ್ನೆ ಮೊದಲ ಸಲಕ್ಕೇ ಕೇಳು.

ದೊಡ್ಡಮ್ಮ


ಆಗಸ್ಟ್ 13

ದೊಡ್ಡಮ್ಮನಿಗೆ ನಮಸ್ಕಾರ.

ಪೈಪನ್ನೂ ತಂತಿಯ ಉರುಳೆಯನ್ನೂ ಇವತ್ತು ಬಸ್ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ಪೈಪ್ ನೀರಿನ ಪಿವಿಸಿ, ಹೊರಗಿನ ಅಡ್ಡಗಲ ಹದಿನಾರು ಸೆಂಟಿಮೀಟರ್. ತಂತಿ ಇಪ್ಪತ್ತನಾಲ್ಕು ಗೇಜ್, ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ಎನಾಮೆಲ್ಡ್. ಸುತ್ತು ಎಪ್ಪತ್ತಮೂರು ಸೆಂಟಿಮೀಟರ್ ಎತ್ತರಕ್ಕೆ ಬರಬೇಕು. ಅಗಲದ ನಾಲ್ಕೂವರೆ ಪಟ್ಟು ಎತ್ತರ. ಈ ಲೆಕ್ಕ ನನ್ನ ಎರಡು ವಾರ ತಿಂದಿದೆ. ಗಿಡ್ಡ ಮಾಡಿದರೆ ಮಿಂಚು ಮೇಲಿನಿಂದ ಕೆಳಗಿನ ಪ್ರೈಮರಿಗೇ, ಅಂದರೆ ಬುಡದ ದಪ್ಪ ಕಾಯಿಲಿಗೇ, ಹೊಡೆಯುತ್ತದೆ. ಉದ್ದ ಮಾಡಿದರೆ ಕೆಳಗಿನ ಶಕ್ತಿ ಮೇಲಕ್ಕೆ ಸರಿಯಾಗಿ ಏರುವುದಿಲ್ಲ. ತಂತಿ ಸಣ್ಣ ಮಾಡಿದರೆ ಸುತ್ತು ಹೆಚ್ಚು, ಆದರೆ ಬಿಸಿಯಲ್ಲಿ ವ್ಯರ್ಥ. ದಪ್ಪ ಮಾಡಿದರೆ ಸುತ್ತು ಸಾಲದು. ಎಲ್ಲ ಒಂದಕ್ಕೊಂದು ಕಟ್ಟಿಕೊಂಡಿವೆ, ಒಂದನ್ನು ಎಳೆದರೆ ಇನ್ನೊಂದು ಅಳುತ್ತದೆ.

ಮುಖ್ಯವಾದದ್ದು: ಒಂದೇ ಪದರ. ಪೇಪರ್ ಬೇಡ. ಒಂದು ಸುತ್ತಿನ ಮೇಲೆ ಇನ್ನೊಂದು ಏರಲೇಬಾರದು. ಇದು ಮೆಟ್ಟಿಲಿನ ಹಾಗೆ. ಒಂದೊಂದು ಸುತ್ತೂ ಒಂದು ಮೆಟ್ಟಿಲು, ಅಕ್ಕಪಕ್ಕದ ಮೆಟ್ಟಿಲಿಗೆ ವ್ಯತ್ಯಾಸ ಕಡಿಮೆ, ಆದ್ದರಿಂದ ಜಗಳ ಇಲ್ಲ. ಎಂಟುನೂರನೆಯ ಮೆಟ್ಟಿಲು ಜಾರಿ ಏಳುನೂರರ ಪಕ್ಕ ಕೂತರೆ ಅಲ್ಲೇ ಹೊತ್ತಿಕೊಳ್ಳುತ್ತದೆ.

ಡ್ರಾಯಿಂಗ್ ಜೊತೆಗಿದೆ, ಸ್ಕೇಲ್ ಹಿಡಿದು ಬರೆದಿದ್ದೇನೆ. ತುದಿಗಳನ್ನು ಹೇಗೆ ಕಟ್ಟಬೇಕು ಅಂತ ತೋರಿಸಿಲ್ಲ. ಅದನ್ನು ನಿಮಗೆ ನಾನು ಹೇಳಿಕೊಡುವುದೇ? ನನಗೆ ನಾಚಿಕೆಯಾಯಿತು. ನಾನು ಆರು ವರ್ಷದವಳಿದ್ದಾಗ ನಿಮ್ಮ ಸ್ಟೂಲಿನ ಪಕ್ಕ ಕೂತು, ನೀವು ತುದಿಗಳನ್ನು ಜಡೆ ಹೆಣೆದ ಹಾಗೆ ಕಟ್ಟುವುದನ್ನು ನೋಡುತ್ತಿದ್ದೆ. ಅಷ್ಟು ಅಂದವಾದ ಗಂಟು ಈ ಕಾಲೇಜಿನಲ್ಲಿ ಯಾರ ಕೈಯಲ್ಲೂ ನೋಡಿಲ್ಲ.

ಒಂದು ಮಾತು. ನಿಮ್ಮ ಅಕ್ಷರ ಯಾಕೆ ಇಷ್ಟು ದೊಡ್ಡದಾಗಿದೆ? ಒಂದು ಪುಟಕ್ಕೆ ಎಂಟೇ ಸಾಲು. ನನಗೆ ಕನ್ನಡ ಮರೆತಿದೆ ಅಂತ ತಾನೇ?

ನಿಮ್ಮ ಗುಬ್ಬಿ


ಆಗಸ್ಟ್ 28

ಗುಬ್ಬಿ,

ಅಕ್ಷರ ನಿನಗಾಗಿಯೇ ದೊಡ್ಡದು. ಹಾಸ್ಟೆಲಿನಲ್ಲಿ ಎಬಿಸಿಡಿ ತಿಂದು ಬೆಳೆದವಳು, ಓದಲು ಕಷ್ಟಪಡಬಾರದು.

ಕಾಯಿಲ್ ಇವತ್ತು ಬಸ್ಸಿಗೆ ಹಾಕಿದೆ. ಡ್ರೈವರಿಗೆ ಎರಡು ಸಲ ಹೇಳಿದ್ದೇನೆ, ನೆಟ್ಟಗೆ ನಿಲ್ಲಿಸಿಯೇ ತರುತ್ತಾನೆ. ಎರಡು ದಿನದ ಕೆಲಸ, ಏನು ಮಹಾ. ಪೈಪನ್ನು ಮೊದಲು ಸೋಪು ಹಾಕಿ ತೊಳೆದು ಮೂರು ದಿನ ಬಿಸಿಲಿಗೆ ಇಟ್ಟೆ. ವಾರ್ನಿಷ್ ಒಣಗಲು ಮೋಟರಿನ ಸ್ಟೇಟರ್ ಬೇಯಿಸುವ ಒಲೆಗೆ ಹಾಕು ಅಂದರು ಮೇಸ್ತ್ರಿ. ಹಾಕಿದ್ದರೆ ಪೈಪು ಸೊಂಟ ಬಾಗಿಸಿಕೊಂಡು ಬರುತ್ತಿತ್ತು.

ಸಾವಿರದ ಇನ್ನೂರು ಸುತ್ತು. ನೂರಕ್ಕೊಂದು ದಾರ ಕಟ್ಟಿ ಎಣಿಸಿದ್ದೇನೆ. ಒಂದೂ ಏರಿಲ್ಲ. ವಾರ್ನಿಷ್ ನಾಲ್ಕು ಕೈ. ನಿನಗೆ ಜೋಡಿಸಲು ಕಷ್ಟವಾಗಬಾರದು ಅಂತ ಮೇಲಿನ ತುದಿಯನ್ನು ಪೈಪಿನ ಒಳಗಿಂದ ಕೆಳಗೆ ತಂದು, ಎರಡೂ ತುದಿ ಕೆಳಗೇ ಇರುವ ಹಾಗೆ ಮಾಡಿದ್ದೇನೆ. ಒಳಗಿನ ತಂತಿ ಅಲುಗದ ಹಾಗೆ ಗೋಡೆಗೆ ವಾರ್ನಿಷ್ ಹಾಕಿ ಕೂರಿಸಿದೆ. ನೋಡಿದರೆ ಗೊತ್ತಾಗುತ್ತದೆ.

ತಲುಪಿದ ಕೂಡಲೇ ಬರೆ. ಹೇಗೆ ನಡೆಯಿತು ಅಂತಲೂ ಬರೆ. ಮರೆಯಬೇಡ.

ದೊಡ್ಡಮ್ಮ


ಸೆಪ್ಟೆಂಬರ್ 1

ದೊಡ್ಡಮ್ಮ,

ತಲುಪಿತು. ನಿಮ್ಮ ಡ್ರೈವರ್ ಅದನ್ನು ಮಗುವಿನ ಹಾಗೆ ಎತ್ತಿ ಕೊಟ್ಟರು.

ಲ್ಯಾಬಿನಲ್ಲಿ ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಎಲ್ಲರೂ ಕೆಲಸ ಬಿಟ್ಟು ಹತ್ತಿರ ಬಂದರು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ತಾಮ್ರ ಸುತ್ತಿದ ಹಾಗೆ ಕಾಣಲೇ ಇಲ್ಲ, ಎರಕ ಹೊಯ್ದ ಹಾಗೆ ಕಂಡಿತು. ಫ್ಯೂಸಣ್ಣ ಮೇಲಿನಿಂದ ಕೆಳಗೆ ಕೈ ಸವರಿ, "ಇದನ್ನ ಮಷೀನಲ್ಲಿ ಸುತ್ತಿದ್ದಲ್ವಾ?" ಅಂದರು. ಕೈಯಲ್ಲಿ ಅಂದೆ. ಅವರು ನಂಬಲಿಲ್ಲ. ಭೂತಗನ್ನಡಿ ತಂದು ಒಂದು ಇಂಚಿನಲ್ಲಿರುವ ಸುತ್ತು ಎಣಿಸಿದರು, ಮೂರು ಕಡೆ. ಮೂರು ಕಡೆಯೂ ಒಂದೇ ಲೆಕ್ಕ. ಆಮೇಲೆ ತಾವು ಹೋದ ವರ್ಷ ಸುತ್ತಿದ್ದ ಹಳೆಯ ಕಾಯಿಲನ್ನು ಎತ್ತಿ ಬೀರುವಿನ ಹಿಂದಕ್ಕೆ ತಳ್ಳಿಬಿಟ್ಟರು, ಯಾರಿಗೂ ಕಾಣದ ಹಾಗೆ.

ಅವತ್ತು ಮೊದಲ ಸಲ ನನ್ನನ್ನು ಕ್ಯಾಂಟೀನಿಗೆ ಕರೆದರು. ನಾನು ಸುತ್ತಿದ್ದಲ್ಲ, ಆದರೂ ನನ್ನ ಪಕ್ಕ ಕೂರಲು ಇಬ್ಬರು ಜಾಗ ಮಾಡಿಕೊಟ್ಟರು.

ತುದಿಗಳ ವಿಷಯದಲ್ಲಿ ಸಣ್ಣ ಅಡ್ಜಸ್ಟ್‌ಮೆಂಟ್ ಒಂದು ಮಾಡಿಕೊಂಡಿದ್ದೇನೆ. ಏನೂ ದೊಡ್ಡದಲ್ಲ.

ನಿಮ್ಮ ಗುಬ್ಬಿ


ಸೆಪ್ಟೆಂಬರ್ 14, ಭಾನುವಾರ

ದೊಡ್ಡಮ್ಮನಿಗೆ ನಮಸ್ಕಾರ.

ಬರೆಯಲು ತಡವಾಯಿತು, ಇಂಟರ್ನಲ್ಸ್ ಇತ್ತು. ಮೊನ್ನೆ ಶುಕ್ರವಾರ ಮಧ್ಯಾಹ್ನ ಮೊದಲ ಟೆಸ್ಟ್ ಮಾಡಿದೆವು. ಕಾಯಿಲ್ ಚೆನ್ನಾಗಿ ನಡೆಯಿತು. ಎಲ್ಲರಿಗೂ ತುಂಬಾ ಖುಷಿಯಾಯಿತು. ನಿಮ್ಮ ಕೈಕೆಲಸ ಗ್ರೇಟ್ ಅಂತ ಪ್ರೊಫೆಸರ್ ಕೂಡ ಹೇಳಿದರು. ನಿಮ್ಮ ಅಂಗಡಿಯ ಎಲ್ಲರಿಗೂ ನನ್ನ ಥ್ಯಾಂಕ್ಸ್ ತಿಳಿಸಿ.

ಇಲ್ಲಿ ಮೆಸ್ಸಿನ ಊಟ ಪರವಾಗಿಲ್ಲ. ಮ್ಯಾಥ್ಸ್ ಸ್ವಲ್ಪ ಕಷ್ಟ. ನನ್ನ ರೂಮಿನ ಫ್ಯಾನು ತಿರುಗುವಾಗ ಟಕ್ ಟಕ್ ಅನ್ನುತ್ತದೆ, ನೀವಿದ್ದರೆ ಸದ್ದು ಕೇಳಿಯೇ ಏನು ಕೆಟ್ಟಿದೆ ಅನ್ನುತ್ತಿದ್ದಿರಿ. ಟೆಸ್ಟ್ ಆದ ಮೇಲೆ ಇಡೀ ಲ್ಯಾಬಿನಲ್ಲಿ ವಾರ್ನಿಷ್ ಕಮಟು ವಾಸನೆ ತುಂಬಿತ್ತು, ಎರಡು ದಿನ ಹೋಗಲಿಲ್ಲ. ನಿಮ್ಮ ವರ್ಕ್‌ಶಾಪ್ ನೆನಪಾಗಿ ಮನೆಗೆ ಬರಬೇಕು ಅನ್ನಿಸಿತು.

ಗುಬ್ಬಿ


ಸೆಪ್ಟೆಂಬರ್ 19

ಗುಬ್ಬಿ,

ನಡೆಯುವ ಕಾಯಿಲ್‌ಗೆ ವಾಸನೆ ಇರುವುದಿಲ್ಲ.

ನಿನ್ನ ಪತ್ರ ಬಂದ ದಿನ ಅದನ್ನು ಅಂಗಡಿಗೇ ತೆಗೆದುಕೊಂಡು ಹೋದೆ. ಎಲ್ಲರೂ ಕೇಳಲಿ ಅಂತ ಮೇಸ್ತ್ರಿ ಕೈಗೆ ಕೊಟ್ಟು ಓದಿಸಿದೆ. ಚೆನ್ನಾಗಿ ನಡೆಯಿತು ಅನ್ನುವಲ್ಲಿಗೆ ಗದ್ದಲ ಎದ್ದಿತು. ಯಾರೋ ಟೀ ತರಿಸಿದರು. ಮುಂದಿನದನ್ನು ಯಾರೂ ಓದಲಿಲ್ಲ. ಮೇಸ್ತ್ರಿ ಎದ್ದು ಹೋಗಿ ಮೂಲೆಯಲ್ಲಿದ್ದ ನನ್ನ ಹಳೆಯ ಸ್ಟೂಲನ್ನು ಬಟ್ಟೆಯಿಂದ ಒರೆಸಿ ವೈಂಡಿಂಗ್ ಮೇಜಿನ ಮುಂದೆ ಇಟ್ಟರು. "ನಾಳೆಯಿಂದ ಕೂತ್ಕೊಳಮ್ಮ, ನಂದೇ ತಪ್ಪು" ಅಂದರು.

ನಿನಗೆ ಹೇಳಿರಲಿಲ್ಲ. ಎರಡು ವರ್ಷದಿಂದ ನಾನು ಸುತ್ತುವ ಕೆಲಸದಲ್ಲಿ ಇಲ್ಲ. ಮೋಟರಿನ ಸ್ಲಾಟಿನಲ್ಲಿ ತಂತಿಯ ಅಡಿಗೆ ಹಾಸುವ ಪೇಪರ್ ಕತ್ತರಿಸುತ್ತೇನೆ, ಹಳೆಯ ತಂತಿ ಕೀಳುತ್ತೇನೆ. ಯಾಕೆ ಅಂತ ಈಗ ಕೇಳಬೇಡ. ನಿನ್ನ ಕಾಯಿಲ್ ಸುತ್ತಿದ್ದು ಊಟದ ಬಿಡುವಿನಲ್ಲಿ, ಹನ್ನೆರಡು ದಿನ. ಎರಡು ದಿನ ಅಂತ ಬರೆದದ್ದು ಸುಳ್ಳು. ಆ ಕಾಯಿಲ್ ನಡೆದರೆ ನನಗಿನ್ನೂ ಕೆಲಸ ಬರುತ್ತದೆ ಅಂತ ಮೇಸ್ತ್ರಿಗೂ ಗೊತ್ತಾಗುತ್ತದೆ, ನನಗೂ ಗೊತ್ತಾಗುತ್ತದೆ ಅಂತ ಇತ್ತು.

ಉಳಿದದ್ದನ್ನು ಮನೆಗೆ ಬಂದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೂವತ್ತು ವರ್ಷ ಈ ಮೂಗಿನಿಂದಲೇ ಅನ್ನ ದುಡಿದಿದ್ದೇನೆ. ಮೋಟರ್ ಬಾಗಿಲಲ್ಲಿ ಬರುವ ಮೊದಲೇ ವಾಸನೆಯಲ್ಲಿ ಅದರ ಕಥೆ ಹೇಳುತ್ತೇನೆ. ಎರಡು ದಿನ ಕಮಟು ಹೋಗಲಿಲ್ಲ ಅಂದರೆ ಸುಟ್ಟದ್ದು ಸಣ್ಣದಲ್ಲ. ಮೊದಲಿನ ಪತ್ರದಲ್ಲಿ ಯಾರು ಎಲ್ಲಿ ಕೈ ಸವರಿದರು ಅನ್ನುವುದೂ ಇತ್ತು. ಇದರಲ್ಲಿ ಮಿಂಚು ಎಷ್ಟುದ್ದ ಬಂತು ಅಂತಲೂ ಇಲ್ಲ.

ಸ್ಟೂಲಿನ ಮೇಲೆ ಇನ್ನೂ ಕೂತಿಲ್ಲ. ಸೊಂಟ ನೋವು ಅಂತ ಹೇಳಿದ್ದೇನೆ. ಏನು ಸುಟ್ಟಿತು, ಎಲ್ಲಿ ಸುಟ್ಟಿತು, ಚಿತ್ರ ಬರೆದು ಕಳಿಸು. ಬೈಯುವುದಿಲ್ಲ.

ದೊಡ್ಡಮ್ಮ


ಸೆಪ್ಟೆಂಬರ್ 22

ದೊಡ್ಡಮ್ಮ,

ಪತ್ರ ಓದಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ನಿಮ್ಮ ಸ್ಟೂಲು ಅಂತ ಇತ್ತಲ್ಲ, ಅಲ್ಲಿಂದ ಮುಂದಕ್ಕೆ ನನಗೆ ಸರಿಯಾಗಿ ಓದಲು ಆಗಲಿಲ್ಲ. ಈಗ ಎಲ್ಲ ಬರೆಯುತ್ತೇನೆ.

ಕಾಯಿಲ್‌ನ ಮೇಲಿನ ತುದಿ ಮೇಲೇ ಇರಬೇಕಿತ್ತು. ಬಳೆಗೆ ಅಲ್ಲಿಂದಲೇ ಜೋಡಿಸಬೇಕು. ಕೆಳಗಿನ ತುದಿ ಮಾತ್ರ ಭೂಮಿಗೆ. ಲಕ್ಷ ಅಂತ ಬರೆದದ್ದು ಲಕ್ಷವೇ, ಸೊನ್ನೆ ತಪ್ಪಿರಲಿಲ್ಲ. ನೀವು ಎರಡೂ ತುದಿ ಕೆಳಗೆ ತಂದಿದ್ದು ಅಂದರೆ, ಸಾವಿರದ ಇನ್ನೂರು ಮೆಟ್ಟಿಲು ಹತ್ತಿ ಮಹಡಿಯ ಮೇಲೆ ನಿಂತವರನ್ನು ಒಳಗಿನ ಹಗ್ಗದಲ್ಲಿ ಇಳಿಸಿ ಮತ್ತೆ ಮೊದಲ ಮೆಟ್ಟಿಲ ಪಕ್ಕ ನಿಲ್ಲಿಸಿದ ಹಾಗೆ. ಮೋಟರಿನಲ್ಲಿ ಅದೇ ಸರಿ, ಎಲ್ಲ ತುದಿಗಳೂ ಒಂದೇ ಪೆಟ್ಟಿಗೆಗೆ ಬರಬೇಕು. ಇದು ಮೋಟರ್ ಅಲ್ಲ ಅಂತ ನಿಮಗೆ ಹೇಳಬೇಕಾದವಳು ನಾನು. ಡ್ರಾಯಿಂಗಿನಲ್ಲಿ ತುದಿ ತೋರಿಸಲು ನಾಚಿಕೊಂಡವಳೂ ನಾನು.

ನಿಮ್ಮ ಪತ್ರ ಓದಿದಾಗಲೇ ನನಗೆ ತಪ್ಪು ಗೊತ್ತಾಯಿತು. ಪಾರ್ಸೆಲ್ ಬಂದಾಗ ಯಾರೂ ಇಲ್ಲದ ಹೊತ್ತಿನಲ್ಲಿ ಮೊದಲು ಬಿಚ್ಚಿದವಳು ನಾನೇ. ಒಳಗಿನ ತಂತಿ ಎಳೆದು ತೆಗೆಯಲು ನೋಡಿದೆ, ನಿಮ್ಮ ವಾರ್ನಿಷ್ ಬಿಡಲಿಲ್ಲ. ಫ್ಯೂಸಣ್ಣನಿಗೆ ಹೇಳಿದರೆ ನಗುತ್ತಾರೆ, ನಿಮಗೆ ಹೇಳಿದರೆ ನೊಂದುಕೊಳ್ಳುತ್ತೀರಿ. ಅದಕ್ಕೆ ಮೇಲೆ ಒಂದು ಹೊಸ ತುಂಡು ಬೆಸುಗೆ ಹಾಕಿ ಬಳೆಗೆ ಬಿಟ್ಟೆ. ಕೆಳಗೆ ಒಳಗಿನ ತಂತಿಯ ತುದಿ ಕತ್ತರಿಸಿ, ಟೇಪ್ ಸುತ್ತಿ, ಒಳಕ್ಕೆ ತಳ್ಳಿ, ಎರಡೂ ಕಡೆ ಮುಚ್ಚಳ ಅಂಟಿಸಿಬಿಟ್ಟೆ. ಆಮೇಲೆ ಮತ್ತೆ ಬಟ್ಟೆ ಸುತ್ತಿಟ್ಟು, ಎಲ್ಲರ ಮುಂದೆ ಹೊಸದಾಗಿ ಬಿಚ್ಚಿದೆ. ಅಡ್ಜಸ್ಟ್‌ಮೆಂಟ್ ಅಂದರೆ ಇದೇ. ಆದರೆ ಒಳಗಿನ ತಂತಿ ಮೇಲಿನ ಲಕ್ಷ ವೋಲ್ಟನ್ನು ಕೆಳಗಿನವರೆಗೂ ತರುತ್ತಲೇ ಇತ್ತು.

ಟೆಸ್ಟಿನಲ್ಲಿ ಸ್ವಿಚ್ ಹಾಕಿದ ಕೂಡಲೇ ಬಳೆಯ ಮೇಲೆ ಏನೂ ಬರಲಿಲ್ಲ. ಪೈಪಿನ ಒಳಗೆ ನೀಲಿ ಬೆಳಕು, ಪಟಪಟ ಸದ್ದು, ಹೊಗೆ. ಫ್ಯೂಸಣ್ಣ ಮುಚ್ಚಳ ಕಿತ್ತು ಟಾರ್ಚ್ ಬಿಟ್ಟು ನೋಡಿದರು. ಒಳಗೋಡೆಯ ಮೇಲೆ ಮೇಲಿನಿಂದ ಕೆಳಗೆ ಕಪ್ಪು ಗೆರೆ. "ಇದ್ಯಾರು ತಂತೀನ ಒಳಗಿಂದ ಇಳಿಸಿದ್ದು?" ಅಂದರು. ನಾನು, "ಅವ್ರು ಮೋಟರ್ ಸುತ್ತೋರಲ್ವಾ, ಗೊತ್ತಾಗಿಲ್ಲ" ಅಂದೆ. ಒಬ್ಬಳು ನಕ್ಕಳು.

ಇದಕ್ಕಿಂತ ಕೆಟ್ಟದ್ದು ನಾನು ಇಲ್ಲಿಯವರೆಗೆ ಮಾಡಿಲ್ಲ. ಅವರ ಮುಂದೆ ನಿಮ್ಮ ಮೇಲೆ ಹಾಕಿದೆ, ನಿಮ್ಮ ಮುಂದೆ ಎಲ್ಲ ಸರಿ ಅಂದೆ. ಒಳಗೆ ಕರಕಾದ ಪೈಪು ಇನ್ನು ಕೆಲಸಕ್ಕೆ ಬಾರದು, ಹೊಸ ಸೆಕೆಂಡರಿಯನ್ನು ಹೊರಗಿನಿಂದ ರೆಡಿಮೇಡ್ ತರಿಸೋಣ ಅನ್ನುತ್ತಿದ್ದಾರೆ. ತರಿಸಿದರೆ ನನಗೆ ತಂಡದಲ್ಲಿ ಕೆಲಸವಿಲ್ಲ. ಅದು ನ್ಯಾಯವೇ.

ಕವರಿನಲ್ಲಿ ಸುಟ್ಟ ತಂತಿಯ ತುಂಡು, ಚಿತ್ರ ಇಟ್ಟಿದ್ದೇನೆ. ಹೊರಗಿನ ಸಾವಿರದ ಇನ್ನೂರು ಸುತ್ತಿನಲ್ಲಿ ಒಂದೂ ಸುಟ್ಟಿಲ್ಲ. ಇದನ್ನು ಮೇಸ್ತ್ರಿಗೆ ತೋರಿಸಿ, ದಯವಿಟ್ಟು.

ಗುಬ್ಬಿ


ಸೆಪ್ಟೆಂಬರ್ 26

ಗುಬ್ಬಿ,

ಅತ್ತದ್ದು ಸಾಕು. ಸುಮ್ಮನೆ ನಲ್ಲಿ ಬಿಟ್ಟದ್ದಕ್ಕೆ ನಿಮ್ಮ ಹಾಸ್ಟೆಲಿನವರು ಏನನ್ನುತ್ತಾರೋ.

ಮೇಸ್ತ್ರಿಗೆ ಎಲ್ಲ ಹೇಳಿದೆ. ಸ್ಟೂಲನ್ನು ನಾನೇ ಎತ್ತಿ ಮೂಲೆಗೆ ಇಟ್ಟು ಆಮೇಲೆ ಹೇಳಿದೆ, ಅವರಿಗೆ ಇಡಲು ಸಂಕೋಚವಾಗಬಾರದು ಅಂತ. ಅವರು ನಿನ್ನ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಲಕ್ಷ ಅಂದ್ರೆ ಲಕ್ಷಾನೇನಾ?" ಅಂದರು. ಹೂಂ ಅಂದೆ. ತುಂಡನ್ನು ಬೆಳಕಿಗೆ ಹಿಡಿದು, "ಐದು ಲಕ್ಷಕ್ಕೆ ನಿನ್ನ ಸುತ್ತು ನಿಂತಿದೆ, ನಾವು ನಕ್ಕಿದ್ದು ನಿಂತಿಲ್ಲ" ಅಂದರು. ಸ್ಟೂಲಿನ ವಿಷಯ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ತಪ್ಪು ನಿನ್ನದೊಂದೇ ಅಲ್ಲ. ನೀನು ಬರೆದ ಅಂಕಿಯನ್ನು ನಾನು ಮನಸ್ಸಿನಲ್ಲೇ ತಿದ್ದಿಕೊಂಡೆ. ಕಾಗದದಲ್ಲಿ ಬರಬೇಕು ಅಂತ ಹೇಳುವವಳು, ಕಾಗದದಲ್ಲಿ ಬಂದದ್ದನ್ನು ನಂಬಲಿಲ್ಲ. ಮಗು ಏನೋ ಉಬ್ಬಿಸಿ ಬರೆದಿದೆ ಅಂದುಕೊಂಡೆ.

ಹೊಸದನ್ನು ನೀನು ಸುತ್ತು. ನಾನು ಸುತ್ತಿ, ಒಣಗಿಸಿ, ಬಸ್ಸಿಗೆ ಹಾಕುವಷ್ಟರಲ್ಲಿ ನಿಮ್ಮ ಹನ್ನೊಂದನೇ ತಾರೀಖು ದಾಟಿರುತ್ತದೆ. ಮೊದಲು ನಿನ್ನ ಫ್ಯೂಸಿಗೆ ನಿಜ ಹೇಳು. ಅದಾದ ಮೇಲೆ ತಂತಿ ಮುಟ್ಟು. ಉಲ್ಟಾ ಮಾಡಿದರೆ ಕೈ ನಡುಗುತ್ತದೆ.

ಪೈಪನ್ನು ಕಂಬಿಗೆ ಪೋಣಿಸಿ ಎರಡು ಕುರ್ಚಿಯ ನಡುವೆ ಇಡು. ಒಬ್ಬರು ತಿರುಗಿಸಲಿ, ನಿಧಾನವಾಗಿ. ಉರುಳೆ ದೂರ ಇರಲಿ. ತಂತಿಯನ್ನು ಎಡಗೈಯ ಬಟ್ಟೆಯ ನಡುವೆ ಹಾಯಿಸು, ಬಿಗಿ ಅಲ್ಲಿಂದ ಬರಬೇಕು. ಬಲಗೈ ಹೆಬ್ಬೆರಳ ಉಗುರನ್ನು ಹಿಂದಿನ ಸುತ್ತಿಗೆ ಒರಗಿಸು. ಹೊಸ ಸುತ್ತು ಉಗುರಿನ ಪಕ್ಕ ಬಂದು ಮಲಗಬೇಕು. ಏರಿದರೆ ಉಗುರಿಗೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ. ಕಣ್ಣನ್ನು ನಂಬಬೇಡ. ಬೇಕಾದರೆ ಮುಚ್ಚಿಕೋ. ನೂರಕ್ಕೊಂದು ದಾರ ಕಟ್ಟು. ದಾರ ಕಟ್ಟಿದಾಗ ಮಾತ್ರ ಮಾತಾಡು, ನೀರು ಕುಡಿ.

ಮೇಲಿನ ತುದಿ ಮೇಲೆ.

ದೊಡ್ಡಮ್ಮ


ಅಕ್ಟೋಬರ್ 5, ಭಾನುವಾರ

ದೊಡ್ಡಮ್ಮನಿಗೆ ನಮಸ್ಕಾರ.

ಹೇಳಿದೆ. ಹತ್ತು ಸಲ ಮನಸ್ಸಿನಲ್ಲಿ ಹೇಳಿಕೊಳ್ಳದೆ ಮೊದಲ ಸಲಕ್ಕೇ ಹೇಳಿದೆ, ತಂಡದ ಎಲ್ಲರೂ ಇದ್ದಾಗ. ನಕ್ಕಿದ್ದ ಹುಡುಗಿಯೂ ಇದ್ದಳು. ತುದಿ ಬರೆಯದವಳು ನಾನು, ಕತ್ತರಿಸಿ ಮುಚ್ಚಿಟ್ಟವಳು ನಾನು, ಸುತ್ತಿದವರದು ಏನೂ ತಪ್ಪಿಲ್ಲ ಅಂದೆ. ಫ್ಯೂಸಣ್ಣ ಹಾರಿಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಹೋಗಿ ಬೀರುವಿನ ಹಿಂದಿನಿಂದ ತಮ್ಮ ಹಳೆಯ ಕಾಯಿಲ್ ಎಳೆದು ತಂದು ತೋರಿಸಿದರು. ನಡುವೆ ಎರಡು ಕಡೆ ಸುತ್ತು ಏರಿ ಸುಟ್ಟಿತ್ತು. ಹೋದ ವರ್ಷ ಟ್ರಾನ್ಸ್‌ಫಾರ್ಮರ್ ಸರಿಯಿಲ್ಲ ಅಂತ ಎಲ್ಲರಿಗೂ ಹೇಳಿದ್ದರಂತೆ. "ನಾನು ಒಂದು ವರ್ಷ ಮುಚ್ಚಿಟ್ಟೆ, ನೀನು ಒಂದೇ ತಿಂಗಳು. ಹೋಗು, ಪೈಪ್ ತೊಳಿ" ಅಂದರು.

ನಿನ್ನೆ ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆವು. ಅವರು ತಿರುಗಿಸಿದರು, ನಾನು ತಂತಿ ಹಿಡಿದೆ. ಮಾತಾಡಬಾರದು ಅಂತ ನಿಮ್ಮ ರೂಲು ಹೇಳಿದ್ದರಿಂದ ಅವರು ನೂರು ಸುತ್ತು ಬಾಯಿ ಮುಚ್ಚಿಕೊಂಡು, ದಾರ ಕಟ್ಟಿದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಮಾತಾಡುತ್ತಿದ್ದರು. ಆರುನೂರ ನಲವತ್ತರಲ್ಲಿ ಒಂದು ಏರಿತು. ಕಣ್ಣಿಗೆ ಏನೂ ಕಾಣಲಿಲ್ಲ, ಉಗುರಿಗೆ ಸಣ್ಣ ಕಲ್ಲು ಸಿಕ್ಕ ಹಾಗಾಯಿತು. ಅವರು ಬಗ್ಗಿ ನೋಡಿ ಸರಿಯಾಗಿದೆ ಅಂದರು. ನಾನು ಬಿಚ್ಚಿಸಿದೆ. ಎರಡು ಸುತ್ತು ಹಿಂದೆ ಹೋದರೆ ಅಲ್ಲೇ ಇತ್ತು, ಕೂದಲೆಳೆಯಷ್ಟು. ಅವರು ಆಮೇಲೆ ನನ್ನನ್ನು ಯಾವುದಕ್ಕೂ ಪ್ರಶ್ನಿಸಲಿಲ್ಲ.

ಏಳುನೂರು ದಾಟಿದ ಮೇಲೆ ಕಣ್ಣು ಉರಿಯಿತು. ನೀವು ಹೇಳಿದ ಹಾಗೆ ಮುಚ್ಚಿಕೊಂಡೆ. ಆಗ ಕೈ ಸಲೀಸಾಗಿ ಹೋಯಿತು. ತಂತಿ ತಾನೇ ಬಂದು ಉಗುರಿನ ಪಕ್ಕ ಮಲಗುತ್ತಿತ್ತು. ಅಷ್ಟು ಸುಖವಾಗಿ ಈ ಊರಿಗೆ ಬಂದ ಮೇಲೆ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಮುಚ್ಚಿದ ಕಣ್ಣಿನಲ್ಲೇ ನೆನಪಾಯಿತು. ಪುಟಕ್ಕೆ ಎಂಟು ಸಾಲು. ನನ್ನ ಪತ್ರವನ್ನು ಮೇಸ್ತ್ರಿ ಓದಿದ್ದು. ಎರಡು ವರ್ಷದ ಪೇಪರ್ ಕತ್ತರಿಸುವ ಕೆಲಸ. ಹನ್ನೆರಡು ದಿನ.

ದೊಡ್ಡಮ್ಮ, ನಿಮಗೆ ತಂತಿ ಕಾಣುತ್ತಿಲ್ಲ ಅಲ್ಲವೇ? ಆ ಸಾವಿರದ ಇನ್ನೂರನ್ನೂ ನೀವು ನೋಡದೆ ಸುತ್ತಿದ್ದೀರಿ ಅಲ್ಲವೇ?

ಫ್ಯೂಸಣ್ಣ ಭೂತಗನ್ನಡಿ ಹಿಡಿದು ಎಣಿಸಿದ್ದು ನೆನಪಾಗಿ ನನಗೆ ನಗುವೂ ಬಂತು, ಇನ್ನೊಂದೂ ಬಂತು. ಬಿಗಿ ಮಾತ್ರ ಬಿಡಲಿಲ್ಲ.

ಈ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ವಾರ್ನಿಷ್ ಒಣಗುತ್ತಿದೆ. ಮೇಲಿನ ತುದಿ ಮೇಲೆ ಇದೆ. ಹನ್ನೊಂದಕ್ಕೆ ಅಮ್ಮ ಬರುತ್ತಾಳೆ, ಅವಳ ಜೊತೆ ಬನ್ನಿ. ನಡೆಯದೆ ಹೋದರೂ ನೀವೇ ಮೊದಲು ಮೂಸಿ ನೋಡಬೇಕು.

ನಿಮ್ಮ ಗುಬ್ಬಿ


ಅಕ್ಟೋಬರ್ 14

ಗುಬ್ಬಿಗೆ ದೊಡ್ಡಮ್ಮನ ಆಶೀರ್ವಾದ.

ಅವತ್ತು ಜನರ ನಡುವೆ ನಿನ್ನ ಹತ್ತಿರ ಸರಿಯಾಗಿ ಮಾತಾಡಲು ಆಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ನಿಮ್ಮಮ್ಮ ಗಡಿಬಿಡಿ ಮಾಡಿದಳು. ಅದಕ್ಕೆ ಬರೆಯುತ್ತಿದ್ದೇನೆ.

ಪೊರೆ ಬಂದು ಎರಡು ವರ್ಷವಾಯಿತು, ಎರಡೂ ಕಣ್ಣಿಗೆ. ದಪ್ಪ ವಸ್ತು ಕಾಣುತ್ತದೆ, ಮುಖ ಕಾಣುತ್ತದೆ. ತಂತಿ ಕಾಣುವುದಿಲ್ಲ. ಆಪರೇಷನ್ ಮಾಡಿಸಿಕೊಳ್ಳಿ ಅಂತ ಡಾಕ್ಟರು ಆಗಲೇ ಹೇಳಿದ್ದರು. ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ. ಕೈಯೊಂದಿದ್ದರೆ ಸಾಕು ಅಂತ ಹಟವೂ ಇತ್ತು. ಮೋಟರಿನ ಸ್ಲಾಟಿನಲ್ಲಿ ನಾಲ್ಕು ಬಣ್ಣದ ತುದಿಗಳಿರುತ್ತವೆ, ಅಲ್ಲಿ ಎರಡು ಸಲ ತಪ್ಪು ಮಾಡಿದೆ. ಆಗ ಮೇಸ್ತ್ರಿ ಸ್ಟೂಲು ತೆಗೆದರು. ಅವರದು ತಪ್ಪಲ್ಲ.

ನಿನ್ನ ಕಾಯಿಲ್ ಬೇಲಿಯ ಒಳಗೆ ನಿಂತಿತ್ತು. ಶುರುವಾಗುವ ಮೊದಲು ನಿನ್ನ ಫ್ಯೂಸು ನನ್ನನ್ನು ಒಳಗೆ ಕರೆದುಕೊಂಡು ಹೋಗಿ, "ದೊಡ್ಡಮ್ಮ, ಒಂದ್ಸಲ ಚೆಕ್ ಮಾಡಿಬಿಡಿ" ಅಂದ. ಪ್ಲಗ್ಗು ಕಿತ್ತು ನನ್ನ ಕೈಗೇ ಕೊಟ್ಟಿದ್ದ, ಬುದ್ಧಿವಂತ. ಕೆಳಗಿನಿಂದ ಮೇಲಕ್ಕೆ ಉಗುರು ಎಳೆದೆ. ನೀನು ದೂರದಲ್ಲಿ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದೆ, ಅದು ನನಗೆ ಕಂಡಿತು. ಎಂಟುನೂರನೆಯ ಸುತ್ತಿನ ಹತ್ತಿರ ನಿನ್ನ ಬಿಗಿ ಸ್ವಲ್ಪ ಬದಲಾಗಿದೆ. ಅಲ್ಲಿ ತಾನೇ ಅತ್ತದ್ದು? ಆದರೆ ಒಂದೂ ಏರಿಲ್ಲ. ನಾನು ಮೊದಲ ವರ್ಷ ಸುತ್ತಿದ ಕಾಯಿಲ್‌ಗಳಲ್ಲಿ ಒಂದೂ ಇಷ್ಟು ಸರಿ ಇರಲಿಲ್ಲ. ಇದನ್ನು ನಿನ್ನ ಮುಂದೆ ಹೇಳಿದ್ದರೆ ನೀನು ಹಾರಾಡುತ್ತಿದ್ದೆ, ಅದಕ್ಕೆ ಕಾಗದದಲ್ಲಿ.

ಆಮೇಲೆ ಪರದೆ ಎಳೆದರು. ಕತ್ತಲಾಯಿತು. ಸದ್ದು ಬಂತು. ನಿಮ್ಮಮ್ಮ ನನ್ನ ಕೈ ಹಿಡಿದು, ಅಕ್ಕ ಅಲ್ಲಿ ನೋಡು, ಅಲ್ಲಿ ನೋಡು ಅನ್ನುತ್ತಿದ್ದಳು, ನನಗೆ ಕಾಣುವುದಿಲ್ಲ ಅಂತ. ನಾನು ಮೂಗು ಎತ್ತಿ ನೋಡಿದೆ. ಕಮಟು ಇಲ್ಲ. ಸಿಡಿಲು ಹೊಡೆದಾಗ ಬರುವ ಗಾಳಿಯ ವಾಸನೆ ಮಾತ್ರ.

ಮೇಸ್ತ್ರಿಗೆ ಎಲ್ಲ ವರದಿ ಒಪ್ಪಿಸಿದೆ. ಇನ್ನು ಮುಂದೆ ಅಂಗಡಿಯಲ್ಲಿ ಯಾರು ಸುತ್ತಿದರೂ ನನ್ನ ಉಗುರು ದಾಟಿ ಹೋಗಬೇಕಂತೆ. ಸ್ಟೂಲು ಬಾಗಿಲ ಹತ್ತಿರ ಹಾಕಿದ್ದಾರೆ. ಮುಂದಿನ ತಿಂಗಳು ಆರಕ್ಕೆ ಒಂದು ಕಣ್ಣಿನ ಆಪರೇಷನ್. ನೀನು ರಜೆ ಹಾಕಿ ಬರಬೇಡ, ಕ್ಲಾಸಿನಲ್ಲಿ ಪ್ರಶ್ನೆ ಕೇಳುತ್ತಾ ಇರು.

ಧೈರ್ಯ ಎಲ್ಲಿಂದ ಬಂತು ಅಂತ ನಿಮ್ಮಮ್ಮ ಕೇಳಿದಳು. ಅವಳಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ಆ ಕತ್ತಲಲ್ಲಿ ಬಳೆಯಿಂದ ಒಂದು ಎಳೆ ಹೊರಟು ಗಾಳಿಯಲ್ಲಿ ನಿಂತಿತು. ಇಪ್ಪತ್ತನಾಲ್ಕು ಗೇಜಿಗಿಂತ ಸಣ್ಣ, ನೇರಳೆ ಬಣ್ಣ, ತುದಿಯಲ್ಲಿ ಕವಲು. ನಾನು ಕುರ್ಚಿಯಿಂದ ಎದ್ದು ನಿಂತೆ. ಎರಡು ವರ್ಷದಲ್ಲಿ ನನ್ನ ಕಣ್ಣಿಗೆ ಕಂಡ ಮೊದಲ ತಂತಿ ಅದು.

ದೊಡ್ಡಮ್ಮ